ಮರದ ಪೆಟ್ಟಿಗೆಯ ಪಿಸ್ತೂಲು

ಜರ್ಮನಿಯ ಒಬರ್ನ್‌ಡಾರ್ಫ್ ಎಂಬ ಪುಟ್ಟ ಊರಿನ ಮೌಸರ್ ಕಾರ್ಖಾನೆ 1896ರಲ್ಲಿ ಹೊರತಂದ ಪಿಸ್ತೂಲನ್ನು ಯುರೋಪಿನ ಸೇನೆಗಳು ಕೈಗೆತ್ತಿಕೊಂಡು ತಿರುಗಿಸಿ ನೋಡಿದವು, ಹೊಗಳಿದವು, ಮತ್ತೆ ಮೇಜಿನ ಮೇಲಿಟ್ಟವು. ಇಟಲಿಯ ನೌಕಾಪಡೆ ಐದು ಸಾವಿರ ತರಿಸಿಕೊಂಡಿತು, ತುರ್ಕಿಯವರು ಒಂದು ಸಾವಿರ. ಸ್ವಂತ ನಾಡಿನ ಸೇನೆಯೇ 1908ರಲ್ಲಿ ಲ್ಯೂಗರ್ ಪಿಸ್ತೂಲಿನ ಕೈಹಿಡಿಯಿತು. ಹವ್ಯಾಸಿಗಳು, ಬೇಟೆಗಾರರು, ಕೈಯಿಂದ ದುಡ್ಡು ಹಾಕಿ ಆಯುಧ ಕೊಳ್ಳುವ ಅಧಿಕಾರಿಗಳು ಮಾತ್ರ ಇಷ್ಟಪಟ್ಟರು. ಭುಜದ ಕೀಲು ತಪ್ಪಿದ್ದರಿಂದ ಕತ್ತಿ ಬೀಸಲಾಗದ ವಿನ್‌ಸ್ಟನ್ ಚರ್ಚಿಲ್ 1898ರ ಒಮ್‌ದುರ್ಮನ್ ಕಾಳಗಕ್ಕೆ ಒಯ್ದದ್ದು ಇದನ್ನೇ. ಆದರೂ 1937ರವರೆಗೆ ಇದರ ತಯಾರಿಕೆ ನಿಲ್ಲಲಿಲ್ಲ, ಒಟ್ಟು ಹತ್ತು ಲಕ್ಷದಷ್ಟು ತಯಾರಾದವು. ಕೊಂಡವರಲ್ಲಿ ಎಲ್ಲರಿಗಿಂತ ದೊಡ್ಡ ಗಿರಾಕಿ ಚೀನಾ. ಚೀನಾ ಎಂದರೆ ಆಗ ಒಂದು ಸರ್ಕಾರವಲ್ಲ. ಆ ಹೆಸರಿನಡಿ ಒಬ್ಬರ ಮೇಲೊಬ್ಬರು ಬೀಳುತ್ತಿದ್ದ ಹತ್ತಾರು ಸೇನಾನಿಗಳು.

ಮೌಸರ್ ಸಿ96 ಎಂಬ ಈ ಆಯುಧದ ರಚನೆಯನ್ನು ಸ್ವಲ್ಪ ನಿಂತು ನೋಡಬೇಕು, ಯಾಕೆಂದರೆ ಮುಂದಿನ ಕಥೆಯೆಲ್ಲ ಅದರಿಂದಲೇ ಹುಟ್ಟುತ್ತದೆ. ಇದನ್ನು ರೂಪಿಸಿದವರು ಕಾರ್ಖಾನೆಯಲ್ಲಿ ಕೆಲಸಕ್ಕಿದ್ದ ಫೀಡರ್ಲೆ ಮನೆತನದ ಮೂವರು ಅಣ್ಣತಮ್ಮಂದಿರು. ಪೇಟೆಂಟ್ ಮಾತ್ರ ಕಾರ್ಖಾನೆಯ ಮುಖ್ಯಸ್ಥ ಪೌಲ್ ಮೌಸರ್ ಹೆಸರಿಗೆ ಹೋಯಿತು. ಈಗಿನ ಪಿಸ್ತೂಲುಗಳಲ್ಲಿ ತೋಟಾಗಳು ಹಿಡಿಯೊಳಗೆ ಕೂತಿರುತ್ತವೆ. ಇದರಲ್ಲಿ ಟ್ರಿಗರ್‌ನ ಮುಂದೆ ಒಂದು ಚೌಕ ಗೂಡು. ಹತ್ತು ತೋಟಾಗಳನ್ನು ಒಂದು ಲೋಹದ ಪಟ್ಟಿಗೆ ಸಿಕ್ಕಿಸಿ ಮೇಲಿನಿಂದ ಒತ್ತಿ ತುಂಬಬೇಕು. ಗುಂಡು ಹಾರಿದಾಗ ನಳಿಗೆಯೂ ಬೋಲ್ಟೂ ಜೊತೆಯಾಗಿ ಒಂದಿಷ್ಟೇ ಹಿಂದೆ ಸರಿಯುತ್ತವೆ, ಅಷ್ಟರಲ್ಲಿ ಕೆಳಗಿನ ಬೀಗದ ತುಂಡು ಇಳಿದು ಬೋಲ್ಟನ್ನು ಬಿಟ್ಟುಕೊಡುತ್ತದೆ, ಬೋಲ್ಟ್ ಒಂಟಿಯಾಗಿ ಹಿಂದಕ್ಕೆ ಹೋಗಿ ಖಾಲಿ ಕೋಶವನ್ನು ಎಸೆದು ಹೊಸದನ್ನು ನೂಕಿಕೊಂಡು ಮರಳುತ್ತದೆ. ಹಿಡಿಯ ಮರದ ಪಟ್ಟಿಗಳನ್ನು ಬಿಗಿಯುವ ತಿರುಪು ಬಿಟ್ಟರೆ ಯಂತ್ರದೊಳಗೆ ತಿರುಪು ಮೊಳೆಗಳೇ ಇಲ್ಲ. ಹಳೆಯ ಮರದ ತೊಟ್ಟಿಲ ಕೀಲುಗಳಂತೆ ಒಂದು ಭಾಗ ಇನ್ನೊಂದನ್ನು ಕಚ್ಚಿ ಹಿಡಿದು ನಿಲ್ಲುತ್ತದೆ. ತಯಾರಿಸಲು ದುಬಾರಿ, ಬಿಚ್ಚಿ ಜೋಡಿಸಲು ತಲೆನೋವು, ನೋಡಲು ಸೊಗಸು.

ತೋಟಾದ ಅಳತೆ 7.63 ಮಿಲಿಮೀಟರ್. ಗುಂಡು ಸೆಕೆಂಡಿಗೆ 430 ಮೀಟರ್‌ನಷ್ಟು ವೇಗದಲ್ಲಿ ಹೊರಡುತ್ತಿತ್ತು. ಆ ಕಾಲದ ಪಿಸ್ತೂಲುಗಳಲ್ಲಿ ಇಷ್ಟು ವೇಗ ಅಪರೂಪ. ಗುರಿಪಟ್ಟಿಯ ಮೇಲೆ 1000 ಮೀಟರ್‌ವರೆಗೆ ಗೆರೆ ಕೊರೆದಿದ್ದರು. ಅದು ಕಂಪನಿಯ ಆತ್ಮವಿಶ್ವಾಸವೇ ಹೊರತು ಬಳಸುವವನ ಅನುಭವವಲ್ಲ. ಇದಕ್ಕೆಲ್ಲ ಮುಕುಟವಿಟ್ಟಂತೆ ಇದ್ದದ್ದು ಒರೆ. ಮರವನ್ನು ಟೊಳ್ಳಾಗಿ ಕೆತ್ತಿದ, ಮುಚ್ಚಳವಿರುವ ಪೆಟ್ಟಿಗೆ ಅದು. ಪಿಸ್ತೂಲನ್ನು ಹೊರತೆಗೆದು, ಪೆಟ್ಟಿಗೆಯ ಕಿರಿದಾದ ತುದಿಯನ್ನು ಹಿಡಿಯ ಹಿಂದಿನ ತೋಡಿಗೆ ಸಿಕ್ಕಿಸಿದರೆ ಅದೇ ಭುಜಕ್ಕೊತ್ತುವ ದಿಮ್ಮಿ. ಕೈಯಲ್ಲಿದ್ದ ಪಿಸ್ತೂಲು ಕಿರುಬಂದೂಕಾಗುತ್ತಿತ್ತು. ಯುರೋಪಿನ ಸೇನಾಧಿಕಾರಿಗೆ ಇದು ಆಟಿಕೆಯಂತೆ ಕಂಡಿತು, ಅವನ ಸೈನಿಕರ ಬಳಿ ಸಾಲುಸಾಲು ಬಂದೂಕುಗಳಿದ್ದವಲ್ಲ. ಬಂದೂಕೇ ಇಲ್ಲದವನಿಗೆ ಇದರ ಬೆಲೆ ಬೇರೆ. ಚೀನೀಯರು ಇದಕ್ಕಿಟ್ಟ ಹೆಸರು ಹೆಝಿಪಾವ್, ಅಂದರೆ ಪೆಟ್ಟಿಗೆ ಫಿರಂಗಿ.

1911ರ ಅಕ್ಟೋಬರ್ 10ರಂದು ವುಚಾಂಗ್‌ನಲ್ಲಿ ಸೈನಿಕರು ದಂಗೆಯೆದ್ದು ಚಿಂಗ್ ರಾಜವಂಶದ ಬುಡ ಅಲ್ಲಾಡಿಸಿದರು. ಗಣರಾಜ್ಯ ಬಂತು. ಅದನ್ನು ಮುಷ್ಟಿಯಲ್ಲಿ ಹಿಡಿದಿಟ್ಟಿದ್ದ ಯುವಾನ್ ಷಿಕಾಯ್ 1916ರ ಜೂನ್‌ನಲ್ಲಿ ತೀರಿಕೊಂಡ ಮೇಲೆ ನಾಡು ತುಂಡು ತುಂಡಾಯಿತು. ಮಂಚೂರಿಯಾದಲ್ಲಿ ಚಾಂಗ್ ತ್ಸೋಲಿನ್, ವಾಯವ್ಯದಲ್ಲಿ ಫೆಂಗ್ ಯುಷಿಯಾಂಗ್, ನಡುನಾಡಿನಲ್ಲಿ ವು ಪೈಫು, ಷಾನ್ಷಿಯಲ್ಲಿ ಯೆನ್ ಷಿಷಾನ್: ಒಬ್ಬೊಬ್ಬರಿಗೂ ಸ್ವಂತ ಸೇನೆ, ಸ್ವಂತ ತೆರಿಗೆ, ಕೆಲವರಿಗೆ ಸ್ವಂತ ನೋಟು. ಸೈನಿಕನಿಗೆ ಸಂಬಳ ಬಂದರೆ ಬಂತು, ಬಾರದಿದ್ದರೆ ಅವನು ಕೋವಿ ಹೆಗಲಿಗೇರಿಸಿ ಗುಡ್ಡ ಹತ್ತಿ ಡಕಾಯಿತನಾಗುತ್ತಿದ್ದ. 1923ರ ಮೇ 6ರಂದು ಷಾನ್‌ಡಾಂಗ್‌ನ ಲಿನ್‌ಚೆಂಗ್ ಬಳಿ ಐಷಾರಾಮಿ ರೈಲೊಂದನ್ನು ತಡೆದು ವಿದೇಶಿ ಪ್ರಯಾಣಿಕರನ್ನು ರಾತ್ರಿಯುಡುಪಿನಲ್ಲೇ ಬೆಟ್ಟಕ್ಕೆ ನಡೆಸಿಕೊಂಡು ಹೋದ ಸುನ್ ಮೈಯಾವ್‌ನ ತಂಡದಲ್ಲಿ ಅಂಥ ಮಾಜಿ ಸೈನಿಕರೇ ತುಂಬಿದ್ದರು. ಒತ್ತೆಯಾಳುಗಳನ್ನು ಬಿಡಲು ಅವರಿಟ್ಟ ಷರತ್ತು, ತಮ್ಮನ್ನು ಮತ್ತೆ ಸೇನೆಗೆ ಸೇರಿಸಿಕೊಳ್ಳಬೇಕು ಎಂಬುದು! ಸರ್ಕಾರ ಒಪ್ಪಿತು, ಡಕಾಯಿತರ ತಂಡ ಬ್ರಿಗೇಡ್ ಆಯಿತು. ಅದೇ ವರ್ಷ ಡಿಸೆಂಬರ್‌ನಲ್ಲಿ ಸುನ್‌ನನ್ನು ಕೊಂದದ್ದೂ ಅದೇ ಸರ್ಕಾರದ ಕಡೆಯವರು.

ಇಂಥ ನಾಡಿಗೆ ಆಯುಧ ಸುರಿಯಬಾರದೆಂದು ಬ್ರಿಟನ್, ಅಮೆರಿಕ, ಫ್ರಾನ್ಸ್, ಜಪಾನ್ ಮೊದಲಾದ ದೇಶಗಳು 1919ರ ಮೇ ತಿಂಗಳಲ್ಲಿ ಕೂಡಿ ನಿರ್ಬಂಧ ಹೇರಿದವು. 1929ರ ಏಪ್ರಿಲ್‌ವರೆಗೆ ಅದು ಕಾಗದದ ಮೇಲಿತ್ತು. ಜರ್ಮನಿ ಆ ಒಪ್ಪಂದದ ಕಕ್ಷಿಯಲ್ಲ. ವರ್ಸೈ ಸಂಧಿ ಜರ್ಮನಿಗೆ ಯುದ್ಧಸಾಮಗ್ರಿ ರಫ್ತು ಮಾಡದಂತೆ ಕೈ ಕಟ್ಟಿತ್ತು ನಿಜ. ಆದರೆ ಅಂಗಡಿಯಲ್ಲಿ ಮಾರುವ ಪಿಸ್ತೂಲು ಯುದ್ಧಸಾಮಗ್ರಿಯೋ ವ್ಯಾಪಾರದ ಸರಕೋ ಎಂಬ ಪ್ರಶ್ನೆಗೆ ಬಂದರುಗಳಲ್ಲಿ ಅವರವರ ಅನುಕೂಲದ ಉತ್ತರವಿತ್ತು. ಫಿರಂಗಿ, ಮೆಷಿನ್‌ಗನ್ ಸಾಗಿಸುವುದು ಕಷ್ಟ. ಪಿಸ್ತೂಲಿನ ಪೆಟ್ಟಿಗೆಗಳು ಸುಲಭವಾಗಿ ದಾಟುತ್ತಿದ್ದವು. ಹಾಗೆ ಬಂದವುಗಳ ಪಕ್ಕೆಯ ಮೇಲೆ ಮುಂದೆ ಮೌಸರ್ ಕಂಪನಿ ಚೀನೀ ಲಿಪಿಯಲ್ಲೇ ‘ಜರ್ಮನಿಯಲ್ಲಿ ತಯಾರಾದದ್ದು’ ಎಂದು ಅಚ್ಚೊತ್ತತೊಡಗಿತು. ಅಚ್ಚೊತ್ತುವ ಅಗತ್ಯ ಯಾಕೆ ಬಂತು ಎಂಬುದು ಮುಂದೆ ತಿಳಿಯುತ್ತದೆ.

ಚೀನಾಕ್ಕೆ ಬಂದ ಪಿಸ್ತೂಲು ಮೌಸರ್ ಒಂದೇ ಅಲ್ಲ. ಜೇಬಿನೊಳಗೆ ಅಡಗುವ ಬ್ರೌನಿಂಗ್‌ಗಳಿಗೂ ಬೇಡಿಕೆಯಿತ್ತು. 1909ರಲ್ಲಿ ಹಾರ್ಬಿನ್ ರೈಲು ನಿಲ್ದಾಣದಲ್ಲಿ ಕೊರಿಯಾದ ಅನ್ ಜುಂಗ್ಗುನ್, ಜಪಾನಿನ ಇಟೊ ಹಿರೊಬುಮಿಯನ್ನು ಕೊಂದದ್ದು ಬೆಲ್ಜಿಯಂನ ಬ್ರೌನಿಂಗ್ 1900 ಮಾದರಿಯಿಂದ. ಅದರ ಹಿಡಿಯ ಮೇಲೆ ಪಿಸ್ತೂಲಿನ ಚಿತ್ರ, ಅಮೆರಿಕದ ಕೋಲ್ಟ್ ಮೇಲೆ ಕುದುರೆ, ಬ್ರೌನಿಂಗ್ 1910ರ ಬಾಯಲ್ಲಿ ಹೂವಿನಂಥ ಕೆತ್ತನೆ. ಅಕ್ಷರ ಓದಲು ಬಾರದ ಸಿಪಾಯಿಗಳೂ ಗುರುತು ನೋಡಿ ‘ಮೊದಲು ಕೋವಿ, ಎರಡನೆಯದು ಕುದುರೆ, ಮೂರನೆಯದು ಹೂಬಾಯಿ’ ಎಂದು ದರ್ಜೆ ಕಟ್ಟುತ್ತಿದ್ದರು. ಆದರೆ ಇವು ಅಧಿಕಾರಿಯ ಜೇಬಿನ ಠೀವಿಗೆ ಸರಿ. ಕಾದಾಟಕ್ಕೆ ಮೌಸರ್. ಸೇನಾನಿಯ ಅಂಗರಕ್ಷಕರು ಸೊಂಟದ ಬದಿಗೆ ಮರದ ಪೆಟ್ಟಿಗೆ ಇಳಿಬಿಟ್ಟು, ಬೆನ್ನಿಗೆ ಅಗಲ ಅಲಗಿನ ದಾದಾವ್ ಕತ್ತಿ ಕಟ್ಟಿ ನಿಂತ ಚಿತ್ರಗಳು ಆ ಕಾಲದ ಗುರುತಾಗಿಬಿಟ್ಟಿವೆ. 1933ರ ಮಾರ್ಚ್‌ನಲ್ಲಿ ಮಹಾಗೋಡೆಯ ಷಿಫೆಂಗ್‌ಕೌ ಕಣಿವೆಯಲ್ಲಿ 29ನೇ ಸೇನೆಯ ಸೈನಿಕರು ರಾತ್ರಿ ಜಪಾನೀ ಪಾಳೆಯದ ಮೇಲೆ ಕತ್ತಿ ಹಿಡಿದು ನುಗ್ಗಿದ್ದು ಚೀನಾದ ತುಂಬ ಹೆಸರಾಯಿತು. ಕತ್ತಿಯ ವೀರಗಾಥೆಯ ಹಿಂದೆ ಒಂದು ಬಡತನವಿದೆ: ಬಂದೂಕು ಸಾಲದು, ಇದ್ದ ಬಂದೂಕಿಗೆ ತೋಟಾ ಸಾಲದು.

ಬೇಡಿಕೆ ಇದ್ದಲ್ಲಿ ನಕಲು ಇದ್ದೇ ಇರುತ್ತದೆ. ಚಾಂಗ್ ಚಿತುಂಗ್ ಎಂಬ ಚಿಂಗ್ ಕಾಲದ ಆಡಳಿತಗಾರ ಯಾಂಗ್‌ತ್ಸೆ ನದಿಯ ದಡದಲ್ಲಿ ಕಟ್ಟಿಸಿದ ಹಾನ್ಯಾಂಗ್ ಶಸ್ತ್ರಾಗಾರ, ತಿಯಾನ್‌ಜಿನ್ ಬಳಿಯ ದಾಗು ಹಡಗುಕಟ್ಟೆ, ಹೆನಾನ್‌ನ ಗಾಂಗ್‌ಷಿಯೆನ್ ಕಾರ್ಖಾನೆ, ಎಲ್ಲವೂ ಮೌಸರ್‌ನ ಪ್ರತಿಗಳನ್ನು ಮಾಡಿದವು. ಇವು ಲೇತು, ಮಿಲ್ಲಿಂಗ್ ಯಂತ್ರ ಇದ್ದ ಜಾಗಗಳು. ಇನ್ನು ಹಳ್ಳಿ ಪಟ್ಟಣಗಳ ಸಣ್ಣ ಕುಲುಮೆಗಳಲ್ಲಿ ಅರದಿಂದ ಉಜ್ಜುಜ್ಜಿ ಮಾಡಿದವು ಎಷ್ಟೋ. ಮೇಲೆ ಅಸಲಿ ಮುದ್ರೆ ಇದ್ದರೆ ತಾನೆ ಬೆಲೆ? ರೋಮನ್ ಅಕ್ಷರ ಅರಿಯದ ಕಮ್ಮಾರ ನೋಡಿದ್ದನ್ನು ನೋಡಿದ ಹಾಗೆ ಕೊರೆದ. ಅಕ್ಷರಗಳು ತಿರುಗುಮುರುಗಾದವು, ಕೆಲವು ತಲೆಕೆಳಗಾದವು, ಒಂದೇ ಪಿಸ್ತೂಲಿನ ಮೇಲೆ ಜರ್ಮನಿ, ಬೆಲ್ಜಿಯಂ ಎರಡೂ ಕಂಪನಿಗಳ ಗುರುತು ಬಂದವು. ಇಂದು ಸಂಗ್ರಾಹಕರು ಇಂಥವನ್ನು ನಿಗೂಢ ಪಿಸ್ತೂಲುಗಳೆಂದು ಕರೆದು ಹುಡುಕಿ ಕೊಳ್ಳುತ್ತಾರೆ. ಉಕ್ಕನ್ನು ಸರಿಯಾಗಿ ಹದ ಮಾಡದ ಇವುಗಳಿಂದ ಗುಂಡು ಹಾರಿಸುವ ಧೈರ್ಯ ಮಾತ್ರ ಬುದ್ಧಿವಂತರಾರೂ ಮಾಡುವುದಿಲ್ಲ. ತಿರುಪಿಲ್ಲದೆ ಕಚ್ಚಿ ನಿಲ್ಲುವ ಆ ಜಟಿಲ ಯಂತ್ರವನ್ನು ಅರ ಮತ್ತು ಕಣ್ಣಳತೆಯಲ್ಲಿ ಮಾಡಿದ ಕೈಗಳ ಬಗ್ಗೆ ನನಗಂತೂ ಗೌರವವಿದೆ.

ನಕಲುಗಳ ಪೈಕಿ ಒಂದು ಮಾತ್ರ ನಕಲೆನಿಸಿಕೊಳ್ಳದೆ ನಿಂತಿತು. ಅದು ಷಾನ್ಷಿಯದು. ಬೆಟ್ಟಗಳು ಸುತ್ತುವರಿದ, ಕಲ್ಲಿದ್ದಲಿನ ಆ ಪ್ರಾಂತವನ್ನು 1911ರಿಂದ ಹೆಚ್ಚುಕಡಿಮೆ 1949ರವರೆಗೂ ಆಳಿದವ ಯೆನ್ ಷಿಷಾನ್. ಆತ ತನ್ನ ಪಾಡಿಗೆ ತಾನಿರಲು ಬಯಸಿದ ಜಿಪುಣ, ಲೆಕ್ಕಾಚಾರದ ಮನುಷ್ಯ. ಪ್ರಾಂತದೊಳಗೆ ಹಾಕಿಸಿದ ರೈಲುಹಳಿಯೂ ಮೀಟರ್ ಗೇಜಿನದು. ಹೊರಗಿನವರ ಸ್ಟ್ಯಾಂಡರ್ಡ್ ಗೇಜ್ ರೈಲು ಸೈನಿಕರನ್ನು ತುಂಬಿಕೊಂಡು ನೇರ ಒಳಗೆ ಬರುವಂತಿರಲಿಲ್ಲ. ರಾಜಧಾನಿ ತೈಯುವಾನ್‌ನಲ್ಲಿ ಆತ ಕಟ್ಟಿದ ಶಸ್ತ್ರಾಗಾರದಲ್ಲಿ ಅಮೆರಿಕದ ಥಾಂಪ್ಸನ್ ಸಬ್‌ಮೆಷಿನ್ ಗನ್‌ನ ಪ್ರತಿಗಳು ತಯಾರಾಗುತ್ತಿದ್ದವು. ಅದರ ತೋಟಾ .45 ಅಂಗುಲದ್ದು, ದಪ್ಪ. ಸೊಂಟದಲ್ಲಿನ ಮೌಸರ್‌ಗೆ 7.63ರ ಸಣ್ಣ ತೋಟಾ. ಒಂದೇ ತಂಡಕ್ಕೆ ಎರಡು ಬಗೆಯ ತೋಟಾ ಹೊರಿಸುವುದು ಯೆನ್‌ನ ಲೆಕ್ಕಕ್ಕೆ ಒಗ್ಗಲಿಲ್ಲ. ಬೇರೆ ಯಾರಾದರೂ .45ರ ಅಮೆರಿಕನ್ ಪಿಸ್ತೂಲನ್ನು ನಕಲು ಮಾಡುತ್ತಿದ್ದರು. ಆತ ಮೌಸರನ್ನೇ .45ಕ್ಕೆ ಹಿಗ್ಗಿಸಿ ಎಂದ.

ಹಾಗೆ ಬಂದದ್ದು 17ನೇ ಮಾದರಿ. ಎಡಮೈಯಲ್ಲಿ ‘17ನೇ ಮಾದರಿ’ ಎಂದೂ ಬಲಮೈಯಲ್ಲಿ ‘ಗಣರಾಜ್ಯದ 18ನೇ ವರ್ಷ, ಷಾನ್ಷಿಯಲ್ಲಿ ತಯಾರಿ’ ಎಂದೂ ನೀಟಾಗಿ ಕೊರೆದಿದೆ. ಗಣರಾಜ್ಯದ 18 ಎಂದರೆ ನಮ್ಮ 1929. ತೋಟಾ ದಪ್ಪವಾದ್ದರಿಂದ ಬೋಲ್ಟು, ನಳಿಗೆ, ಚೌಕಟ್ಟು ಎಲ್ಲವೂ ದಪ್ಪವಾದವು. ಹತ್ತು ತೋಟಾ ಹಿಡಿಸುವ ಗೂಡು ಟ್ರಿಗರ್ ಕಾಪಿಗಿಂತ ಕೆಳಕ್ಕೆ ಇಳಿಯಿತು. ಹತ್ತರ ಒಂದು ಪಟ್ಟಿಯ ಬದಲು ಐದರ ಎರಡು ಪಟ್ಟಿಗಳಿಂದ ತುಂಬಬೇಕು. ಪ್ರಾಂತದ ರೈಲುಗಳನ್ನು ಕಾಯುವ ಸಿಪಾಯಿಗಳಿಗೆ ಥಾಂಪ್ಸನ್ ಜೊತೆ ಇದನ್ನು ಹಂಚಿದರು. ಒಟ್ಟು ಎಂಟು ಸಾವಿರದ ಐನೂರರಷ್ಟು ತಯಾರಾದವು ಎಂಬುದು ಸಾಮಾನ್ಯವಾಗಿ ಒಪ್ಪಿದ ಅಂದಾಜು. ಮೌಸರ್ ಕಂಪನಿ ತಾನೇ ಕೈಹಾಕಿ ಮಾರುಕಟ್ಟೆಗೆ ತರದ ಅಳತೆಯೊಂದನ್ನು ಒಬ್ಬ ಪ್ರಾಂತ್ಯಾಧಿಪತಿಯ ಕಾರ್ಖಾನೆ ಮಾಡಿ ಮುಗಿಸಿತ್ತು. 1949ರಲ್ಲಿ ತೈಯುವಾನ್ ಕಮ್ಯುನಿಸ್ಟರ ಕೈಸೇರಿದ ಮೇಲೆ ಬಹಳಷ್ಟು ಪಿಸ್ತೂಲುಗಳು ಕುಲುಮೆಗೆ ಹೋದವು. 1980ರ ದಶಕದಲ್ಲಿ ಒಂದಷ್ಟು ಅಮೆರಿಕಕ್ಕೆ ರಫ್ತಾದಾಗ ಕೆಲವು ತೀರಾ ಹೊಸದಾಗಿ ಹೊಳೆಯುತ್ತಿದ್ದವು. ಯಾವುದು ಯೆನ್ ಕಾಲದ್ದು, ಯಾವುದು ಡಾಲರ್ ಕಾಲದ್ದು ಎಂದು ಸಂಗ್ರಾಹಕರು ಇಂದಿಗೂ ಜಗಳಾಡುತ್ತಾರೆ.

ಚೀನಾದ ಈ ಹಸಿವನ್ನು ದೂರದ ಸ್ಪೇನ್‌ನಲ್ಲಿ ಕೆಲವರು ಗಮನಿಸಿದ್ದರು. ಬಾಸ್ಕ್ ನಾಡಿನ ಎಯ್ಬರ್ ಪಟ್ಟಣದ ಮನೆಮನೆಯಲ್ಲೂ ಕೋವಿ ಕೆಲಸ. ಮೊದಲ ಮಹಾಯುದ್ಧದಲ್ಲಿ ಫ್ರಾನ್ಸಿಗೆ ಲಕ್ಷಗಟ್ಟಲೆ ಪಿಸ್ತೂಲು ಮಾಡಿಕೊಟ್ಟು, ಯುದ್ಧ ಮುಗಿದೊಡನೆ ಕೈ ಖಾಲಿಯಾಗಿ ಕುಳಿತಿದ್ದರು. 1920ರ ದಶಕದ ಕೊನೆಯಲ್ಲಿ ಬೈಸ್ತೆಗಿ ಸಹೋದರರು ‘ರಾಯಲ್’ ಎಂಬ ಹೆಸರಿನಲ್ಲಿ, ಹತ್ತಿರದ ಗೆರ್ನಿಕಾದ ಉನ್ಸೆತಾ ಕಂಪನಿ ‘ಅಸ್ತ್ರಾ 900’ ಎಂಬ ಹೆಸರಿನಲ್ಲಿ ಮೌಸರ್‌ನ ಹೊರರೂಪವನ್ನು ಹೋಲುವ ಪಿಸ್ತೂಲುಗಳನ್ನು ಚೀನಾಕ್ಕೆಂದೇ ಮಾಡತೊಡಗಿದರು. ಅಸ್ತ್ರಾದ ಒಳಗು ಬೇರೆ: ಪಕ್ಕದ ತಗಡನ್ನು ಸರಿಸಿದರೆ ಯಂತ್ರವೆಲ್ಲ ಕಣ್ಣಿಗೆ ಬೀಳುತ್ತದೆ, ತಿರುಪು ಮೊಳೆಗಳನ್ನು ಸಂಕೋಚವಿಲ್ಲದೆ ಬಳಸಿದ್ದಾರೆ. ರಿಪೇರಿ ದೃಷ್ಟಿಯಿಂದ ಅಸಲಿಗಿಂತ ಇದೇ ವಾಸಿ ಎಂದು ನನ್ನೆಣಿಕೆ.

ಸ್ಪೇನಿನವರು ಇನ್ನೊಂದು ಹೆಜ್ಜೆ ಮುಂದಿಟ್ಟರು. ಸಣ್ಣ ಕೀಲೊಂದನ್ನು ತಿರುಗಿಸಿದರೆ ಟ್ರಿಗರ್ ಒತ್ತಿರುವಷ್ಟು ಹೊತ್ತೂ ಗುಂಡು ಹಾರುತ್ತಲೇ ಇರುವ ಮಾದರಿ. ಚೀನಾದಿಂದ ಬೇಡಿಕೆ ಉಕ್ಕಿತು, ಮೌಸರ್‌ನ ಮಾರಾಟಕ್ಕೆ ಪೆಟ್ಟು ಬಿತ್ತು. ತನ್ನ ಪಿಸ್ತೂಲಿನ ನಕಲಿಯನ್ನು ನಕಲು ಮಾಡಬೇಕಾದ ಪಾಡು ಮೂಲ ಕಂಪನಿಗೆ ಒದಗಿ, 1930ರ ದಶಕದ ಆರಂಭದಲ್ಲಿ ‘ಷ್ನೆಲ್‌ಫೊಯರ್’ ಎಂಬ ಶೀಘ್ರಗೋಲಿಯ ಮಾದರಿ ಬಂತು. ಕಳಚಿ ಹಾಕುವ ಇಪ್ಪತ್ತು ತೋಟಾಗಳ ಮ್ಯಾಗಝೀನ್ ಎರಡು ಸೆಕೆಂಡಿನೊಳಗೆ ಖಾಲಿ. ನಳಿಗೆ ಆಕಾಶಕ್ಕೇರುವುದು ಇದರ ದೋಷ. ಚೀನೀ ಸಿಪಾಯಿ ಪಿಸ್ತೂಲನ್ನು ಅಡ್ಡ ಮಲಗಿಸಿ ಹಿಡಿದ. ಮೇಲಕ್ಕೆ ನೆಗೆಯಬೇಕಾದ ನಳಿಗೆ ಪಕ್ಕಕ್ಕೆ ಬೀಸಿತು, ಗುಂಡುಗಳು ಬಾಗಿಲಿನಗಲ ಹರಡಿದವು. ಒಬರ್ನ್‌ಡಾರ್ಫ್‌ನ ಎಂಜಿನಿಯರರ ತಲೆನೋವಿಗೆ ಮದ್ದು ಸಿಕ್ಕಿದ್ದು ಮಣಿಕಟ್ಟಿನ ಒಂದು ತಿರುವಿನಲ್ಲಿ. 1936ರಲ್ಲಿ ಸ್ಪೇನ್ ಅಂತರ್ಯುದ್ಧಕ್ಕೆ ಬಿತ್ತು, ಚೀನಾದ ವ್ಯಾಪಾರ ಅಲ್ಲಿಗೆ ಕೊನೆ. 1937ರ ಏಪ್ರಿಲ್ 26ರ ಬಾಂಬ್ ದಾಳಿಯಲ್ಲಿ ಗೆರ್ನಿಕಾದ ಮನೆಗಳು ಬೂದಿಯಾದವು. ಪಿಸ್ತೂಲು ಕಾರ್ಖಾನೆ ಉಳಿಯಿತು.

ಕಮ್ಯುನಿಸ್ಟರ ಪುರಾಣದಲ್ಲೂ ಮೌಸರ್‌ಗೆ ದೊಡ್ಡ ಪಾತ್ರ. 1927ರ ಆಗಸ್ಟ್ 1ರಂದು ನಾನ್‌ಚಾಂಗ್‌ನಲ್ಲಿ ದಂಗೆಯೇಳುವ ಹಿಂದಿನ ರಾತ್ರಿ ಕಮ್ಯುನಿಸ್ಟ್ ಸೇನಾನಿ ಜು ದೆ ಎದುರು ಪಕ್ಷದ ಅಧಿಕಾರಿಗಳನ್ನು ಊಟಕ್ಕೆ ಕರೆದು, ಮಾಜಾಂಗ್ ಆಟಕ್ಕೆ ಕೂರಿಸಿ ಹೊತ್ತು ಕಳೆಯುವಂತೆ ಮಾಡಿದ ಎಂಬುದು ಪಕ್ಷದ ಇತಿಹಾಸದ ನೆಚ್ಚಿನ ಪ್ರಸಂಗ. ದಂಗೆಯ ನೆನಪಿಗೆಂದು ಮೈಮೇಲೆ ಅಕ್ಷರ ಕೊರೆಸಿದ ಆತನ ಮೌಸರ್ ಬೀಜಿಂಗ್‌ನ ಸೇನಾ ಸಂಗ್ರಹಾಲಯದಲ್ಲಿದೆ. ಮುಂದೆ ಜಪಾನ್ ವಿರುದ್ಧದ ಗೆರಿಲ್ಲಾ ಕಾಳಗದಲ್ಲಿ, ರೈತನ ದೊಗಲೆ ಅಂಗಿಯೊಳಗೆ ಬಚ್ಚಿಡಬಹುದಾದ, ಬೇಕೆಂದಾಗ ಬಂದೂಕಿನ ಕೆಲಸ ಮಾಡುವ ಆಯುಧ ಇದೊಂದೇ. 1955ರ ‘ಬಯಲಿನ ಗೆರಿಲ್ಲಾಗಳು’ ಚಿತ್ರದ ನಾಯಕ ಲಿ ಷಿಯಾಂಗ್‌ಯಾಂಗ್ ಎರಡೂ ಕೈಗಳಲ್ಲಿ ಮೌಸರ್ ಹಿಡಿದು ಬಂದ ಮೇಲಂತೂ ಚೀನಾದ ಹುಡುಗರು ಮರದಲ್ಲಿ ಕೆತ್ತಿಕೊಂಡ ಆಟದ ಪಿಸ್ತೂಲು ಇದೇ ಆಕಾರದ್ದಾಯಿತು.

ಮರದ ಪೆಟ್ಟಿಗೆಯ ಮೋಹ ಎಷ್ಟಿತ್ತೆಂದರೆ, ಮೌಸರ್ ನಿಂತ ಮೇಲೂ ಅದು ಬಿಡಲಿಲ್ಲ. ಎರಡನೇ ಮಹಾಯುದ್ಧದ ನಡುವೆ ಚಿಯಾಂಗ್ ಕೈಷೆಕ್ ಸರ್ಕಾರಕ್ಕಾಗಿ ಕೆನಡಾದ ಟೊರಾಂಟೊದ ಇಂಗ್ಲಿಸ್ ಕಂಪನಿ ಬ್ರೌನಿಂಗ್ ಹೈಪವರ್ ಪಿಸ್ತೂಲು ತಯಾರಿಸಿತು. ಒಪ್ಪಂದ 1,80,000ಕ್ಕೆ. ಹದಿಮೂರು ತೋಟಾಗಳ, 9 ಮಿಲಿಮೀಟರ್‌ನ, ಆ ಕಾಲದ ಅತ್ಯಾಧುನಿಕ ಪಿಸ್ತೂಲು ಅದು. ಆದರೆ ಚೀನಾದ ಮಾದರಿಗೆ 500 ಮೀಟರ್‌ವರೆಗಿನ ಗುರಿಪಟ್ಟಿ, ಹಿಡಿಯ ಹಿಂದೆ ತೋಡು, ಜೊತೆಗೆ ಭುಜಕ್ಕೊತ್ತುವ ಮರದ ಒರೆ! ಹಿಮಾಲಯದ ಮೇಲಿನ ವಿಮಾನದಾರಿಯಲ್ಲಿ ಸಾಗಿಸುವ ಕಷ್ಟ, ಅದಾದ ಮೇಲೆ ಅಂತರ್ಯುದ್ಧದ ಭೀತಿ. ಒಪ್ಪಂದದ ಸಂಖ್ಯೆ ಎಂದೂ ಪೂರ್ತಿಯಾಗಲಿಲ್ಲ. ಯುದ್ಧ ಮುಗಿದ ಮೇಲೆ ಇಂಗ್ಲಿಸ್ ಹೆಸರು ಮಾಡಿದ್ದು ಬಟ್ಟೆ ಒಗೆಯುವ ಯಂತ್ರಗಳಿಂದ.

1949ರ ನಂತರ ಮಾವೊ ಸರ್ಕಾರಕ್ಕೆ ಬೇಕಾಗಿದ್ದದ್ದು ನಾಡಿಗೆಲ್ಲ ಒಂದೇ ಪಿಸ್ತೂಲು, ಒಂದೇ ತೋಟಾ. ಸೋವಿಯತ್ ಒಕ್ಕೂಟದ ಟೊಕರೇವ್ ಟಿಟಿ-33 ಸಿಕ್ಕಿತು. ಮೊದಲು 51ನೇ ಮಾದರಿ, ಬಳಿಕ ಸ್ಥಿರಗೊಂಡ 54ನೇ ಮಾದರಿ. ಇಲ್ಲೊಂದು ಸ್ವಾರಸ್ಯವಿದೆ. ರಷ್ಯಾದಲ್ಲಿ ಕ್ರಾಂತಿಯ ಕಾಲಕ್ಕೆ ಮೌಸರ್ ಬಹಳ ಓಡಾಡಿತ್ತು, ತೋಟಾಗಳೂ ಸಾಕಷ್ಟಿದ್ದವು. ಫ್ಯೋದರ್ ಟೊಕರೇವ್ ತನ್ನ ಹೊಸ ಪಿಸ್ತೂಲಿಗೆ ಆರಿಸಿಕೊಂಡ 7.62×25 ತೋಟಾ ಹುಟ್ಟಿದ್ದೇ ಮೌಸರ್‌ನ 7.63ರಿಂದ, ಅಳತೆಯಲ್ಲಿ ಎರಡೂ ಬಹುತೇಕ ಒಂದೇ. ಹಾಂಬುರ್ಗ್‌ನಿಂದ ಹಡಗಿನಲ್ಲಿ ಬಂದಿದ್ದ ತೋಟಾ ತೂಲಾದಿಂದ ರೈಲಿನಲ್ಲಿ ಮತ್ತೆ ಬಂದಂತಾಯಿತು. ಪಿಸ್ತೂಲು ಮಾತ್ರ ಮೌಸರ್‌ಗೆ ಪೂರ್ತಿ ತಿರುಗುಮುರುಗು. ಬ್ರೌನಿಂಗ್ ರೀತಿಯ ಸ್ಲೈಡು, ಹಿಡಿಯೊಳಗೆ ಎಂಟು ತೋಟಾ, ಸುತ್ತಿಗೆಯ ಯಂತ್ರವೆಲ್ಲ ಒಂದೇ ಗಂಟಾಗಿ ಹೊರಬರುವ ಸರಳ ರಚನೆ. ಸುರಕ್ಷತೆಯ ಕೀಲು ಇಲ್ಲ. ಸುತ್ತಿಗೆಯನ್ನು ಅರ್ಧಕ್ಕೆ ನಿಲ್ಲಿಸುವುದೇ ಎಚ್ಚರಿಕೆ. ಕರಿಯ ಹಿಡಿಯ ಮೇಲಿನ ನಕ್ಷತ್ರದಿಂದ ಜನ ಇದನ್ನು ‘ಕಪ್ಪು ನಕ್ಷತ್ರ’ ಎಂದರು. 1980-90ರ ದಶಕಗಳಲ್ಲಿ ಗಡಿ ದಾಟಿ ಹಾಂಗ್‌ಕಾಂಗ್‌ನ ದರೋಡೆಕೋರರ ಕೈಗೂ ಜಪಾನಿನ ಯಾಕುಜಾ ಕೈಗೂ ಹೋಗಿ, .38 ರಿವಾಲ್ವರ್ ಹಿಡಿದ ಹಾಂಗ್‌ಕಾಂಗ್ ಪೊಲೀಸರನ್ನು ಪೇಚಿಗೆ ಸಿಲುಕಿಸಿದ್ದೂ ಇದೇ. ಅಮೆರಿಕದ ಅಂಗಡಿಗಳಲ್ಲೂ ನೊರಿಂಕೊ ಹೆಸರಿನಲ್ಲಿ ಅಗ್ಗಕ್ಕೆ ಸಿಗುತ್ತಿತ್ತು, 1994ರಲ್ಲಿ ಕ್ಲಿಂಟನ್ ಸರ್ಕಾರ ಚೀನೀ ಆಯುಧಗಳ ಆಮದು ನಿಲ್ಲಿಸುವವರೆಗೆ.

ಸ್ವಂತ ರಚನೆಯ ಮೊದಲ ಪಿಸ್ತೂಲು 64ನೇ ಮಾದರಿ. ಜರ್ಮನಿಯ ವಾಲ್ಥರ್ ಪಿಪಿಯ ನೆರಳು ಅದರ ಮೇಲೆ ಢಾಳಾಗಿದೆ. ಹಿರಿಯ ಅಧಿಕಾರಿಗಳ ಸೊಂಟಕ್ಕೆ ಹಗುರ, ಗುಂಡು ದುರ್ಬಲ. ಅದೇ ಅಂಕೆಯ ಇನ್ನೊಂದು ಪಿಸ್ತೂಲು ಹೆಚ್ಚು ಕುತೂಹಲದ್ದು. ನಳಿಗೆಯ ಸುತ್ತ ಸದ್ದಡಗಿಸುವ ಕೊಳವೆಯನ್ನು ಕೂಡಿಸಿಯೇ ಕಟ್ಟಿದ ಮಾದರಿ ಅದು. ಸ್ಲೈಡಿನ ಸದ್ದೂ ಕೇಳಬಾರದೆಂದರೆ ಅದನ್ನು ಬೀಗ ಹಾಕಿ ಒಂದೊಂದೇ ಗುಂಡು ಹಾರಿಸಬಹುದಿತ್ತು. ಎರಡನೆಯದಕ್ಕೆ ಕೈಯಿಂದಲೇ ಎಳೆಯಬೇಕು. 77ನೇ ಮಾದರಿಯಲ್ಲಿ ಟ್ರಿಗರ್ ಕಾಪನ್ನೇ ತೋರುಬೆರಳಿನಿಂದ ಹಿಂದೆಳೆದರೆ ಸ್ಲೈಡು ಹಿಂದೆ ಬರುತ್ತದೆ, ಇನ್ನೊಂದು ಕೈ ಬೇಡ. ಈ ಉಪಾಯ 1920ರ ದಶಕದ ಲಿಗ್ನೋಜ್ ಎಂಬ ಜರ್ಮನ್ ಪಿಸ್ತೂಲಿನದು. ಇನ್ನು 80ನೇ ಮಾದರಿ ನೋಡಿದರೆ ನಗು ಬರುತ್ತದೆ: ಟ್ರಿಗರ್ ಮುಂದೆ ಮ್ಯಾಗಝೀನ್, ಇಪ್ಪತ್ತು ತೋಟಾ, ಸತತ ಗುಂಡು, ಸಿಕ್ಕಿಸುವ ದಿಮ್ಮಿ, ಅದೇ ಮೌಸರ್ ವಂಶದ ತೋಟಾ. ಮರದ ಜಾಗದಲ್ಲಿ ಲೋಹ ಬಂದಿತ್ತು, ಅಷ್ಟೆ. ಅರ್ಧ ಶತಮಾನ ಕಳೆದ ಮೇಲೆ ಪೆಟ್ಟಿಗೆ ಫಿರಂಗಿಯನ್ನು ಮತ್ತೆ ಮಾಡಿನೋಡಿದ ಸೇನೆಗೆ ಅದರ ಹಳೆಯ ದೋಷಗಳೂ ಸಿಕ್ಕವು. ತಯಾರಿಕೆ ಹೆಚ್ಚು ಮುಂದುವರಿಯಲಿಲ್ಲ.

1990ರ ದಶಕದಲ್ಲಿ ರೂಪುಗೊಂಡ 92ನೇ ಮಾದರಿಯೊಂದಿಗೆ ಆ ತೋಟಾದ ವಂಶ ಚೀನಾದ ಸೇನೆಯಲ್ಲಿ ಹಿಂದೆ ಸರಿಯಿತು. ಪ್ಲಾಸ್ಟಿಕ್ ಚೌಕಟ್ಟು, ತಿರುಗಿ ಬೀಗ ಬಿಚ್ಚಿಕೊಳ್ಳುವ ನಳಿಗೆ. 9 ಮಿಲಿಮೀಟರ್‌ನಲ್ಲಿ ಹದಿನೈದು, ಚೀನಾದ್ದೇ ಆದ 5.8 ಮಿಲಿಮೀಟರ್ ಅಳತೆಯಲ್ಲಿ ಇಪ್ಪತ್ತು ತೋಟಾ. ಈ ನಡುವೆ 1996ರ ಕಾಯಿದೆ ಸಾಮಾನ್ಯ ನಾಗರಿಕರು ಪಿಸ್ತೂಲು ಇಟ್ಟುಕೊಳ್ಳುವ ದಾರಿಯನ್ನೇ ಮುಚ್ಚಿತು. ಬೀದಿಯ ಪೊಲೀಸನಿಗೆ ಏನು ಕೊಡಬೇಕೆಂಬ ಪ್ರಶ್ನೆ ಬಂದಾಗ, 2000ರ ದಶಕದ ನಡುವಿನಲ್ಲಿ ಚೀನಾ ಆರಿಸಿಕೊಂಡದ್ದು ಆರು ಗುಂಡಿನ ರಿವಾಲ್ವರನ್ನು. ಅದರ ಗುಂಡು ಉದ್ದೇಶಪೂರ್ವಕವಾಗಿಯೇ ಮೆತ್ತಗಿನದು, ಜನಸಂದಣಿಯಲ್ಲಿ ಒಬ್ಬನನ್ನು ತೂರಿ ಇನ್ನೊಬ್ಬನಿಗೆ ತಗುಲದಿರಲಿ ಎಂದು. ಬೇಕಾದರೆ ರಬ್ಬರ್ ಗುಂಡನ್ನೂ ತುಂಬಬಹುದು.